ಸಹಾಯ ಬೇಕು: ಅಮೆರಿಕದ ಕಮೊಡೋರ್ 64, ತುಮಕೂರಿನ ಟಿವೀಲಿ ಬಣ್ಣಾನೇ ಬರ್ತಿಲ್ಲ

ಎಲ್ರಿಗೂ ನಮಸ್ಕಾರ. ಚಿಕ್ಕಪ್ಪ ಅಮೆರಿಕದಿಂದ ತಂದಿದ್ದ ಕಮೊಡೋರ್ 64 (ಟಿವಿಗೆ ಹಾಕೋ ಹಳೇ ಮನೆ ಕಂಪ್ಯೂಟರ್) ಅಟ್ಟದ ಮೇಲಿತ್ತು, ಈಗ ಇಳಿಸಿದೀನಿ. ಅಡಾಪ್ಟರ್ ಮೇಲೆ 120 ವೋಲ್ಟ್ 60 ಹರ್ಟ್ಜ್ ಅಂತಿದೆ, ಅದಕ್ಕೆ ಬಿ.ಎಚ್. ರಸ್ತೇಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಂಡು ಹಾಕ್ದೆ, ಆನ್ ಆಗುತ್ತೆ, ರೆಡಿ ಅಂತಾನೂ ಬರುತ್ತೆ, ಆದ್ರೆ ಹಳೇ ಡಬ್ಬಾ ಟಿವೀಲಿ ಚಿತ್ರ ಮೇಲಿಂದ ಕೆಳಕ್ಕೆ ಉರುಳ್ತಾನೇ ಇರುತ್ತೆ, ಹಿಂದಿರೋ ವಿ-ಹೋಲ್ಡ್ (ಉರುಳೋ ಚಿತ್ರ ನಿಲ್ಲಿಸೋ ತಿರುಗುಣಿ) ತಿರುಗಿಸಿದ್ರೆ ನಿಲ್ಲುತ್ತೆ, ಬಣ್ಣ ಮಾತ್ರ ಇಲ್ಲ, ಬರೀ ಕಪ್ಪು ಬಿಳುಪು. ಕೇಬಲ್ ಬದಲಾಯಿಸಿ ನೋಡಾಯ್ತು. ಅದೇ ಟಿವಿಗೆ ಡಿವಿಡಿ ಪ್ಲೇಯರ್ ಹಾಕಿದ್ರೆ ಕಲರ್ ಚೆನ್ನಾಗೇ ಬರುತ್ತೆ.

ರಿಪೇರಿಯವ್ರು "ನಮ್ ಕರೆಂಟು 50 ಹರ್ಟ್ಜ್ ಅಲ್ವಾ ಸಾರ್, ಅದಕ್ಕೇ" ಅಂತಾರೆ. ನನಗ್ಯಾಕೋ ಒಪ್ಪಿಗೆ ಆಗ್ತಿಲ್ಲ. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಸಿಗ್ನಲ್ ಹುಟ್ಟೋದು ಕಂಪ್ಯೂಟರ್ ಒಳಗಿನ ಕ್ರಿಸ್ಟಲ್‌ನಿಂದ, ಬಣ್ಣದ್ದು 3.58 ಮೆಗಾಹರ್ಟ್ಜ್, ನಮ್ಮ ದೇಶದ ಪಾಲ್ ಪದ್ಧತಿ ಟಿವಿ ಹುಡುಕೋದು 4.43, ಇದಕ್ಕೂ ಗೋಡೆ ಕರೆಂಟಿಗೂ ಏನ್ ಸಂಬಂಧ?

ಇನ್ನೊಂದು, ಅಡಾಪ್ಟರ್ ಇಸ್ತ್ರಿ ಪೆಟ್ಟಿಗೆ ಥರ ಕಾಯುತ್ತೆ. ಇದು ಕೆಟ್ರೆ ಬೋರ್ಡಿಗೆ ಕೊಡೋ 5 ವೋಲ್ಟ್ ಅದಕ್ಕಿಂತ ಮೇಲೇರಿ ರ್‍ಯಾಮ್ ಚಿಪ್ ಸುಟ್ಟೋಗುತ್ತೆ ಅಂತ ಭಯ, ಚಿಕ್ಕಪ್ಪನಿಗೆ ಏನ್ ಉತ್ತರ ಹೇಳ್ಲಿ.

ಯುರೋಪ್ ಮಾಡೆಲ್‌ನ 230 ವೋಲ್ಟ್ ಅಡಾಪ್ಟರೂ 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿನೇ ಕೊಡೋದು, ಅದನ್ನ ಈ ಅಮೆರಿಕನ್ ಬೋರ್ಡಿಗೆ ನೇರ ಹಾಕಬಹುದಾ? ಬಣ್ಣಕ್ಕೆ ಎನ್‌ಟಿಎಸ್‌ಸಿ ತಗೊಳ್ಳೋ ಟಿವಿನೇ ಬೇಕಾ, ಇಲ್ಲ ಕನ್ವರ್ಟರ್ ಡಬ್ಬಿ ಸಾಕಾ? ಮಾಡಿ ನೋಡಿರೋರು ದಯವಿಟ್ಟು ಹೇಳಿ.