ಹವಳದ ಡಿಎನ್‌ಎ: ಗ್ರಾಫ್‌ನಲ್ಲಿ ಎರಡು ಬಣ್ಣ ಬಂದರೆ ಎರಡು ಪ್ರಭೇದವೋ, ಒಂದೇ ಪ್ರಭೇದದ ಎರಡು ಊರಿನ ಗುಂಪೋ?

ಮಲ್ಪೆ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಎಂಎಸ್ಸಿ ಎರಡನೇ ವರ್ಷ. ಕಳೆದ ಡಿಸೆಂಬರ್‌ನಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ನೀರೊಳಗೆ ಹವಳ ನೋಡಿದೆ, ಅಂದಿನಿಂದ ಅದೇ ಗುಂಗು. ಪ್ರಾಜೆಕ್ಟಿಗೂ ಹವಳವನ್ನೇ ತೆಗೆದುಕೊಂಡೆ. ಸ್ವಂತ ಸ್ಯಾಂಪಲ್ ಇಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಡೇಟಾ, ಪೆಸಿಫಿಕ್‌ನ ಎರಡು ದ್ವೀಪಗಳದ್ದು. ಎಲ್ಲಕ್ಕೂ ಪೊಸಿಲೋಪೋರಾ ಡ್ಯಾಮಿಕಾರ್ನಿಸ್ ಅಂತ ಒಂದೇ ಪ್ರಭೇದದ ಹೆಸರು ಹಾಕಿದ್ದಾರೆ. ಡಿಎನ್‌ಎ ಹೋಲಿಕೆ ನೋಡಿ ಗುಂಪು ಮಾಡಿ ಗುಂಪಿಗೊಂದು ಬಣ್ಣ ಕೊಡುವ ಸ್ಟ್ರಕ್ಚರ್ ಸಾಫ್ಟ್‌ವೇರ್‌ಗೆ ಹಾಕಿದರೆ ಎರಡು ಬಣ್ಣ ಸರಿಯಾಗಿ ಬೇರೆ ಬೇರೆ ಬರುತ್ತದೆ. "ಎರಡು ದ್ವೀಪಗಳ ನಡುವೆ ಬೆರಕೆ ಇಲ್ಲ" ಅಂತ ಬರೆಯಲು ಹೊರಟಿದ್ದೆ. ಆದರೆ ಎರಡೂ ಬಣ್ಣ ಎರಡೂ ದ್ವೀಪದಲ್ಲಿ ಉಂಟು! ಇದಕ್ಕೆ ಎಂತ ಹೇಳುವುದು?

ಉಳ್ಳಾಲದವ:
ತಂಗಿ, ಆ ವಾಕ್ಯ ಸದ್ಯಕ್ಕೆ ಬರೆಯಬೇಡಿ. ಬಣ್ಣ ಎಷ್ಟು ಅನ್ನುವುದಕ್ಕಿಂತ ಯಾವ ಬಣ್ಣ ಎಲ್ಲಿ ಸಿಕ್ಕಿದೆ ಅನ್ನುವುದು ಮುಖ್ಯ. ಒಂದು ದ್ವೀಪಕ್ಕೆ ಒಂದು ಬಣ್ಣ, ನಡುವಿನ ಜಾಗದಲ್ಲಿ ಎರಡೂ ಬೆರೆತದ್ದು ಸಿಕ್ಕರೆ ಅದು ಒಂದೇ ಪ್ರಭೇದದೊಳಗೆ ಊರಿಂದ ಊರಿಗೆ ಇರುವ ವ್ಯತ್ಯಾಸ. ಕೆರಿಬಿಯನ್‌ನ ಅಕ್ರೋಪೋರಾ ಪಾಲ್ಮೇಟಾ ಅನ್ನುವ ಹವಳ ಹಾಗೆ, ಪೂರ್ವದ್ದು ಒಂದು ಗುಂಪು, ಪಶ್ಚಿಮದ್ದು ಒಂದು ಗುಂಪು, ಪೋರ್ಟೊ ರಿಕೊ ಹತ್ತಿರ ಬೆರಕೆ. ನಿಮ್ಮಲ್ಲಿ ಹಾಗಲ್ಲ. ಒಂದೇ ನೀರಿನಲ್ಲಿ ಅಕ್ಕಪಕ್ಕ ಇದ್ದೂ ಬೆರೆಯದೆ ಉಳಿದಿವೆ ಅಂದರೆ ಅವು ಎರಡು ಪ್ರಭೇದ ಇರುವ ಸಾಧ್ಯತೆಯೇ ಜಾಸ್ತಿ.

ಪೊಸಿಲೋಪೋರಾ ಕುಲದಲ್ಲಿ ಈ ಗೊಂದಲ ಹಳೆಯದು. ಅಲೆ ಜೋರು ಇರುವಲ್ಲಿ ಗೆಲ್ಲು ಗಿಡ್ಡ, ದಪ್ಪ. ನೀರು ಶಾಂತ ಇರುವಲ್ಲಿ ತೆಳ್ಳಗೆ, ಉದ್ದ. ಹಾಗಾಗಿ ಆಕಾರ ನೋಡಿ ಇಟ್ಟ ಹೆಸರನ್ನು ನಂಬುವ ಹಾಗಿಲ್ಲ. ಮೊದಲು ಎಲ್ಲವನ್ನೂ ಡ್ಯಾಮಿಕಾರ್ನಿಸ್ ಅಂತಿದ್ದರು, 2014ರಲ್ಲಿ ಅದರೊಳಗಿಂದ ಪೊಸಿಲೋಪೋರಾ ಆಕ್ಯುಟಾ ಅನ್ನುವ ಹಳೇ ಹೆಸರನ್ನು ಮತ್ತೆ ಎತ್ತಿ ಬೇರೆ ಮಾಡಿದರು. ನಿಮ್ಮ ಡೇಟಾದ ಹೆಸರು ಅದಕ್ಕಿಂತ ಹಿಂದಿನದ್ದಾ ನೋಡಿ. ಮೀನಿನ ಪ್ರಭೇದ ಗುರುತಿಸಲು ಬಳಸುವ ಸಿಒಐ ಬಾರ್‌ಕೋಡ್ (ಮೈಟೊಕಾಂಡ್ರಿಯಾದ ಒಂದು ಜೀನ್ ತುಂಡು) ಇಲ್ಲಿ ಅಷ್ಟು ಕೆಲಸಕ್ಕೆ ಬರುವುದಿಲ್ಲ, ಹವಳದ ಮೈಟೊಕಾಂಡ್ರಿಯಾ ಡಿಎನ್‌ಎ ತುಂಬಾ ನಿಧಾನಕ್ಕೆ ಬದಲಾಗುತ್ತದೆ. ಪೊಸಿಲೋಪೋರಾದ ಪ್ರಭೇದ ಗುರುತಿಸಲು ಅದೇ ಮೈಟೊಕಾಂಡ್ರಿಯಾ ಡಿಎನ್‌ಎಯ ಎಂಟಿ-ಓಆರ್‌ಎಫ್ ಅನ್ನುವ ತುಂಡನ್ನು ನೋಡುತ್ತಾರೆ.

ಪ್ರಭೇದ ಗುರುತಿಸುವುದನ್ನು ಬಿಟ್ಟು ಮುಂದೆ ಹೋದರೆ ಲೆಕ್ಕವೆಲ್ಲ ಕೆಡುತ್ತದೆ. ಒಂದು ದ್ವೀಪದಲ್ಲಿ ಆಕ್ಯುಟಾ ಜಾಸ್ತಿ, ಇನ್ನೊಂದರಲ್ಲಿ ಡ್ಯಾಮಿಕಾರ್ನಿಸ್ ಜಾಸ್ತಿ ಹೆಕ್ಕಿದ್ದರೆ ಎರಡು ದ್ವೀಪಗಳ ನಡುವೆ ಇಲ್ಲದ ಗೋಡೆ ಕಾಣುತ್ತದೆ. ದಕ್ಕೆಯಲ್ಲಿ ಒಂದು ಬುಟ್ಟಿಯಲ್ಲಿ ಬಂಗುಡೆ, ಇನ್ನೊಂದರಲ್ಲಿ ಬೂತಾಯಿ ಜಾಸ್ತಿ ಇದ್ದರೆ ಬುಟ್ಟಿಗಳು ಬೇರೆ ಬೇರೆ ಅನ್ನುವುದು ನಿಜವೇ, ಆದರೆ ಅದು ಬಂಗುಡೆಯ ಬಗ್ಗೆ ಏನೂ ಹೇಳುವುದಿಲ್ಲ, ಅಲ್ವಾ?

ಶಂಕರಪುರ_ಮಲ್ಲಿಗೆ:
ಇನ್ನೊಂದು ವಿಷಯ ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಮಲ್ಲಿಗೆ ಕೃಷಿ. ಗೆಲ್ಲು ನೆಟ್ಟೇ ಗಿಡ ಮಾಡುವುದು. ತೋಟದ ತುಂಬಾ ಗಿಡ ಇದ್ದರೂ ಎಲ್ಲ ಒಂದೇ ತಾಯಿಯ ನಕಲು. ಕಾಟು ಮಾವಿನ ಗೊರಟು ಬಿದ್ದು ಹುಟ್ಟಿದ ಮರ ಹಾಗಲ್ಲ, ಒಂದೊಂದರ ರುಚಿ ಒಂದೊಂದು. ಹವಳ ಎರಡನ್ನೂ ಮಾಡುತ್ತದೆ. ಗಾಳಿಮಳೆಗೆ ಮುರಿದ ಗೆಲ್ಲು ಬಿದ್ದಲ್ಲೇ ಬೇರೂರಿದ ಹಾಗೆ ಅಂಟಿಕೊಂಡು ಬೆಳೆಯುತ್ತದೆ. ಆಕ್ಯುಟಾದಲ್ಲಂತೂ ತೇಲಿ ಹೋಗುವ ಲಾರ್ವಾ (ಹವಳದ ಮರಿ) ಕೂಡ ತಾಯಿಯ ನಕಲೇ ಆಗಿರಬಹುದು. ಹಾಗಾಗಿ ಒಂದೇ ಜಿನೋಟೈಪ್ (ಡಿಎನ್‌ಎ ಗುರುತು) ಇರುವ ಸ್ಯಾಂಪಲ್‌ಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಯಿರಿ. ಇಲ್ಲದಿದ್ದರೆ ಒಂದೇ ಹವಳವನ್ನು ಹತ್ತು ಸಲ ಎಣಿಸಿ ಅದನ್ನೇ ಒಂದು ಊರು ಅಂದ ಹಾಗೆ ಆಗುತ್ತದೆ.

ಹವಳ ನೆಡುವ ಕೆಲಸ ಮಾಡುವವರೂ ಇದನ್ನು ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಒಂದೇ ತಾಯಿಯ ತುಂಡುಗಳಿಂದ ದಿಬ್ಬ ತುಂಬಿಸಿದರೆ ನೋಡಲು ಚಂದ. ಒಂದು ರೋಗ ಬಂದರೆ ಎಲ್ಲವೂ ಒಟ್ಟಿಗೆ ಹೋಗಬಹುದು. ನಮ್ಮ ತೋಟದಲ್ಲಿ ಒಂದು ಮಳೆಗಾಲ ಹಾಗೇ ಆಗಿತ್ತು, ಅಪ್ಪ ಸಾಲು ಸಾಲು ಗಿಡ ಕಿತ್ತು ಹಾಕಿದ್ದು ಇನ್ನೂ ಕಣ್ಣ ಮುಂದೆ ಉಂಟು.

ತೆಂಕು_ಬಡಗು:
ದ್ವೀಪಗಳ ನಡುವಿನ ದೂರವನ್ನು ಸುಮ್ನೆ ಮ್ಯಾಪ್‌ನಲ್ಲಿ ಅಳೆಯಬೇಡಿ. ನೀರು ಯಾವ ಕಡೆ ಹರಿಯುತ್ತದೆ, ಮೊಟ್ಟೆ ಬಿಡುವ ತಿಂಗಳು ಯಾವುದು, ಎರಡನ್ನೂ ಸೇರಿಸಿ ನೋಡಿ. ನಮ್ಮ ಕರಾವಳಿಯಲ್ಲೇ ಮಳೆಗಾಲದಲ್ಲಿ ನೀರು ತೆಂಕಕ್ಕೆ, ಚಳಿಗಾಲದಲ್ಲಿ ಬಡಗಕ್ಕೆ. ತಿಂಗಳು ತಪ್ಪಿದರೆ ಲಾರ್ವಾ ಹೋಗುವ ದಾರಿಯೇ ತಿರುಗುತ್ತದೆ.

ಮಲ್ಪೆ_ಹುಡುಗಿ:
ತುಂಬಾ ಉಪಕಾರ ಆಯಿತು. ರಾತ್ರಿ ಕೂತು ಓಆರ್‌ಎಫ್ ನೋಡಿದೆ. ಉಳ್ಳಾಲದಣ್ಣ ಹೇಳಿದ ಹಾಗೇ, ನೀಲಿ ಬಣ್ಣದ್ದೆಲ್ಲ ಆಕ್ಯುಟಾ, ಹಳದಿಯದ್ದೆಲ್ಲ ಡ್ಯಾಮಿಕಾರ್ನಿಸ್. ನಕಲುಗಳನ್ನು ತೆಗೆದ ಮೇಲೆ ಆಕ್ಯುಟಾ ಅರ್ಧಕ್ಕಿಂತ ಕಡಿಮೆ ಉಳಿಯಿತು! ಆದರೆ ಒಂದು ಸ್ಯಾಂಪಲ್ ಮಾತ್ರ ಅರ್ಧ ನೀಲಿ, ಅರ್ಧ ಹಳದಿ. ಹೈಬ್ರಿಡ್ ಅನ್ನಬಹುದಾ ಅಣ್ಣ?

ಉಳ್ಳಾಲದವ:
ಆಗಬಾರದು ಅಂತ ಏನಿಲ್ಲ. ಕೆರಿಬಿಯನ್‌ನಲ್ಲಿ ಅಕ್ರೋಪೋರಾ ಪ್ರೊಲಿಫೆರಾವನ್ನು ಪ್ರತ್ಯೇಕ ಪ್ರಭೇದ ಅಂತ ತಿಳಿದಿದ್ದರು, ಅದು ಪಾಲ್ಮೇಟಾ ಮತ್ತು ಸರ್ವಿಕಾರ್ನಿಸ್ ಸೇರಿ ಹುಟ್ಟಿದ ಮೊದಲ ತಲೆಮಾರಿನ ಹೈಬ್ರಿಡ್ ಅಂತ 2002ರಲ್ಲಿ ವೋಲ್ಮರ್ ಮತ್ತು ಪಲುಂಬಿ ಅನ್ನುವ ವಿಜ್ಞಾನಿಗಳು ತೋರಿಸಿದರು. ಆದರೆ ಒಂದೇ ಸ್ಯಾಂಪಲ್ ಇಟ್ಟುಕೊಂಡು ಹೇಳಬೇಡಿ. ಎರಡು ಹವಳದ ಡಿಎನ್‌ಎ ಒಂದೇ ಟ್ಯೂಬಿಗೆ ಬಿದ್ದರೂ ಹೀಗೇ ಅರ್ಧ ಅರ್ಧ ಕಾಣುತ್ತದೆ. ಡಿಎನ್‌ಎಯ ಒಂದೊಂದು ಜಾಗದಲ್ಲಿ ಎರಡಕ್ಕಿಂತ ಜಾಸ್ತಿ ಅಲೀಲ್ (ಆ ಜಾಗದ ಬೇರೆ ಬೇರೆ ರೂಪ) ಉಂಟಾ ನೋಡಿ. ಇದ್ದರೆ ಎರಡು ಹವಳ ಬೆರೆತ ಸ್ಯಾಂಪಲ್ ಅದು, ಬಿಟ್ಟುಬಿಡಿ. ಇಲ್ಲದಿದ್ದರೆ ಗ್ರಾಫ್ ಇಲ್ಲಿ ಹಾಕಿ, ಒಟ್ಟಿಗೆ ನೋಡುವ.