ಸ್ಪ್ರಿಂಗ್ ಬೂಟ್ 3ಕ್ಕೆ ಅಪ್‌ಗ್ರೇಡ್ ಆದ ಮೇಲೆ ಎಲ್ಲಾ ಯುಆರ್‌ಎಲ್‌ಗೂ 404, ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ

ನಲ್‌ಪಾಯಿಂಟರ್:
ನಮಸ್ಕಾರ ಎಲ್ರಿಗೂ. ಸ್ಪ್ರಿಂಗ್ ಬೂಟ್ (ಜಾವಾ ವೆಬ್ ಫ್ರೇಮ್‌ವರ್ಕ್) 2.7ರಲ್ಲಿ ಇದ್ದ ಒಂದು ಹಳೆ ಪ್ರಾಜೆಕ್ಟನ್ನ 3.3ಕ್ಕೆ ತಗೊಂಡು ಹೋಗೋ ಕೆಲಸ ನನ್ನ ತಲೆಗೆ ಕಟ್ಟಿದಾರೆ. ಐಡಿಇಯಲ್ಲಿ ಮೇನ್ ಕ್ಲಾಸ್ ರನ್ ಮಾಡಿದ್ರೆ ಎಲ್ಲಾ ಚೆನ್ನಾಗೇ ನಡೀತಿದೆ, ಪೋಸ್ಟ್‌ಮನ್‌ನಲ್ಲಿ ಎಪಿಐಗಳೆಲ್ಲ ರೆಸ್ಪಾನ್ಸ್ ಕೊಡ್ತಿವೆ, ಆದ್ರೆ ಅದನ್ನೇ ವಾರ್ ಫೈಲ್ (ಇಡೀ ಅಪ್ಲಿಕೇಶನ್‌ನ ಪ್ಯಾಕ್) ಮಾಡಿ ಸರ್ವರ್‌ನಲ್ಲಿರೋ ಟಾಮ್‌ಕ್ಯಾಟ್ ಅನ್ನೋ ಜಾವಾ ವೆಬ್ ಸರ್ವರ್‌ನ ವೆಬ್‌ಆಪ್ಸ್ ಫೋಲ್ಡರಿಗೆ ಹಾಕಿದ್ರೆ ಯಾವ ಯುಆರ್‌ಎಲ್ ಹೊಡೆದ್ರೂ 404. ಎಕ್ಸೆಪ್ಶನ್ ಬಂದಿದ್ರೆ ಅದನ್ನ ಹಿಡ್ಕೊಂಡು ಹುಡುಕಬಹುದಿತ್ತು, ಇಲ್ಲಿ ಟಾಮ್‌ಕ್ಯಾಟ್‌ನ ಕ್ಯಾಟಲಿನಾ ಲಾಗ್‌ನಲ್ಲಿ ವಾರ್ ಡಿಪ್ಲಾಯ್ ಆಯ್ತು, ಇಷ್ಟು ಮಿಲಿಸೆಕೆಂಡ್ ತಗೊಳ್ತು ಅಂತ ಸಾಲು ಇದೆ, ಅದರ ಮೇಲೆ ಜಾರ್ (ಲೈಬ್ರರಿ ಫೈಲ್) ಸ್ಕ್ಯಾನ್ ಮಾಡಿದ್ರೂ ಟಿಎಲ್‌ಡಿ (ಜೆಎಸ್‌ಪಿ ಟ್ಯಾಗ್‌ಗಳ ಫೈಲ್) ಸಿಗಲಿಲ್ಲ ಅನ್ನೋ ಒಂದು ಇನ್ಫೋ ಸಾಲು, ಅಷ್ಟೇ. ವಾರ್ ಹೆಸರೇ ಕಾಂಟೆಕ್ಸ್ಟ್ ಪಾತ್ ಆಗುತ್ತೆ ಅಂತ ಗೊತ್ತು, ಅದನ್ನೂ ಸೇರಿಸೇ ಹೊಡೀತಿದೀನಿ. ಸರ್ವರ್‌ನಲ್ಲಿ ಟಾಮ್‌ಕ್ಯಾಟ್ 9 ಇದೆ, ಜಾವಾ 17 ಇದೆ, ಕೋಡ್‌ನಲ್ಲಿ ಜಾವಾಎಕ್ಸ್ ಅನ್ನೋ ಹಳೆ ಪ್ಯಾಕೇಜ್ ಹೆಸರಿನ ಇಂಪೋರ್ಟ್‌ಗಳನ್ನ ಹೊಸ ಹೆಸರು ಜಕಾರ್ತಾಗೆ ಬದಲಾಯಿಸಿದೀನಿ, ಕಂಪೈಲ್ ಕ್ಲೀನ್ ಆಗಿದೆ. ಎಲ್ಲಿಂದ ಶುರು ಮಾಡ್ಲಿ ಅಂತಾನೇ ಗೊತ್ತಾಗ್ತಿಲ್ಲ.

ಬೀನ್‌ಬ್ಯಾಗ್:
ಕಂಟ್ರೋಲರ್ ಯಾವ ಪ್ಯಾಕೇಜ್‌ನಲ್ಲಿದೆ ನೋಡಿ ಮೊದಲು, ಮೇನ್ ಕ್ಲಾಸ್ ಇರೋ ಪ್ಯಾಕೇಜ್‌ನ ಒಳಗಡೆ ಇಲ್ಲ ಅಂದ್ರೆ ಕಾಂಪೊನೆಂಟ್ ಸ್ಕ್ಯಾನ್‌ಗೆ ಸಿಗಲ್ಲ, 404 ಬರುತ್ತೆ. ಇನ್ನೊಂದು, ಸ್ಪ್ರಿಂಗ್ 6ರಿಂದ (ಬೂಟ್ 3ರ ಒಳಗೆ ಇರೋದು ಅದೇ) ಯುಆರ್‌ಎಲ್ ಕೊನೆಯಲ್ಲಿ ಸ್ಲ್ಯಾಶ್ ಇದ್ರೆ ಮ್ಯಾಚ್ ಆಗಲ್ಲ, ಮುಂಚೆ ಆರ್ಡರ್ಸ್ ಅಂದ್ರೂ ಆರ್ಡರ್ಸ್ ಸ್ಲ್ಯಾಶ್ ಅಂದ್ರೂ ಒಂದೇ ಮೆಥಡ್‌ಗೆ ಹೋಗ್ತಿತ್ತು, ಈಗ ಎರಡನೇದಕ್ಕೆ 404. ನಮ್ಮ ಟೀಮಲ್ಲಿ ಫ್ರಂಟ್‌ಎಂಡ್‌ನವರ ಜೊತೆ ಇದಕ್ಕೇ ಜಗಳ ಆಗಿತ್ತು.

ಹಳೇಸರ್ವ್ಲೆಟ್:
ಬೀನ್‌ಬ್ಯಾಗ್ ಹೇಳಿದ್ದು ಎರಡೂ ನಿಜ, ಆದ್ರೆ ಇಲ್ಲಿಗೆ ಹೊಂದಲ್ಲ. ಐಡಿಇಯಲ್ಲಿ ನಡೀತಿದೆ ಅಂದ್ಮೇಲೆ ಸ್ಕ್ಯಾನ್ ಸರಿ ಇದೆ, ಮತ್ತೆ ಒಂದೆರಡು ಯುಆರ್‌ಎಲ್ ಅಲ್ಲ, ಎಲ್ಲಾನೂ 404. ನಲ್‌ಪಾಯಿಂಟರ್, ಒಂದೇ ಪ್ರಶ್ನೆ ನಿಮಗೆ, ಟಾಮ್‌ಕ್ಯಾಟ್ ಲಾಗ್‌ನಲ್ಲಿ ಸ್ಪ್ರಿಂಗ್‌ನ ಬ್ಯಾನರ್ ಕಾಣಿಸ್ತಿದೆಯಾ? ಆ ಅಕ್ಷರ ಚಿತ್ರ ಇರುತ್ತಲ್ಲ, ಅದು. ನೀವು ಬರೆದಿದ್ದು ನೋಡಿದ್ರೆ ಇಲ್ಲ. ಅಂದ್ರೆ ನಿಮ್ಮ ಅಪ್ಲಿಕೇಶನ್ ಶುರುನೇ ಆಗಿಲ್ಲ, ಶುರುವಾಗದೇ ಇರೋದಕ್ಕೆ ಎಕ್ಸೆಪ್ಶನ್ ಎಲ್ಲಿಂದ ಬರ್ಬೇಕು ಹೇಳಿ. ಕಂಟ್ರೋಲರ್ ಕಡೆ ಕೈ ಹಾಕ್ಬೇಡಿ, ಅಲ್ಲೇನೂ ಸಿಗಲ್ಲ.

ಕಾರಣ ಟಾಮ್‌ಕ್ಯಾಟ್ 9. ವಾರ್ ಡಿಪ್ಲಾಯ್ ಆಗುವಾಗ ಟಾಮ್‌ಕ್ಯಾಟ್ ಜಾರ್‌ಗಳ ಒಳಗೆ ಮೆಟಾ-ಇನ್ಫ್ ಸರ್ವಿಸಸ್ ಫೋಲ್ಡರ್‌ನಲ್ಲಿ ಸರ್ವ್ಲೆಟ್ ಕಂಟೇನರ್ ಇನಿಶಿಯಲೈಜರ್ ಅನ್ನೋ ಹೆಸರಿನ ಫೈಲ್ ಹುಡುಕುತ್ತೆ, ಸ್ಪ್ರಿಂಗ್ ಎದ್ದು ಕೂರೋದೇ ಆ ಫೈಲ್ ಮೂಲಕ. ಟಾಮ್‌ಕ್ಯಾಟ್ 9 ಹುಡುಕೋದು ಜಾವಾಎಕ್ಸ್ ಡಾಟ್ ಸರ್ವ್ಲೆಟ್ ಅಂತ ಶುರುವಾಗೋ ಹೆಸರನ್ನ, ಸ್ಪ್ರಿಂಗ್ 6ರ ಜಾರ್‌ನಲ್ಲಿ ಇರೋದು ಜಕಾರ್ತಾ ಡಾಟ್ ಸರ್ವ್ಲೆಟ್ ಅಂತ. ಸಿಗಲಿಲ್ಲ, ಅದಕ್ಕೆ ಇದು ಬರೀ ಸ್ಟ್ಯಾಟಿಕ್ ಫೈಲ್‌ಗಳ ಫೋಲ್ಡರ್ ಅಂದ್ಕೊಂಡು ಮುಂದೆ ಹೋಗುತ್ತೆ. ಟಾಮ್‌ಕ್ಯಾಟ್ ದೃಷ್ಟಿಯಲ್ಲಿ ಅದು ತಪ್ಪೇ ಅಲ್ಲ, ಆದ್ದರಿಂದ ವಾರ್ನಿಂಗ್ ಕೂಡ ಇಲ್ಲ. ಐಡಿಇಯಲ್ಲಿ ಓಡೋದು ಬೂಟ್ 3ರ ಜೊತೆಗೇ ಬರೋ ಟಾಮ್‌ಕ್ಯಾಟ್ 10.1, ಅದಕ್ಕೇ ಅಲ್ಲಿ ತೊಂದರೆ ಕಾಣಲ್ಲ.

ಹಿನ್ನೆಲೆ ಗೊತ್ತಿಲ್ಲದೋರಿಗೆ, ಒರಾಕಲ್‌ನವರು ಜಾವಾ ಇಇಯನ್ನ (ಸರ್ವರ್ ಅಪ್ಲಿಕೇಶನ್‌ಗಳ ಜಾವಾ ಸ್ಟ್ಯಾಂಡರ್ಡ್) ಎಕ್ಲಿಪ್ಸ್ ಫೌಂಡೇಶನ್‌ಗೆ ಕೊಡ್ತೀವಿ ಅಂತ 2017ರಲ್ಲಿ ಹೇಳಿದ್ರು, ಕೊಟ್ರು, ಆದ್ರೆ ಜಾವಾಎಕ್ಸ್ ಅನ್ನೋ ಹೆಸರಲ್ಲಿ ಹೊಸದೇನೂ ಬರೆಯೋಕೆ ಬಿಡಲಿಲ್ಲ. ಹಾಗಾಗಿ 2020ರಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ (ಜಾವಾ ಇಇಯ ಹೊಸ ಹೆಸರೇ ಜಕಾರ್ತಾ ಇಇ) ಪ್ಯಾಕೇಜ್ ಹೆಸರುಗಳನ್ನೇ ಜಾವಾಎಕ್ಸ್‌ನಿಂದ ಜಕಾರ್ತಾಗೆ ಬದಲಾಯಿಸಿದ್ರು. ಒಂದು ಹೆಸರಿನ ಹಕ್ಕಿಗೋಸ್ಕರ ನಾವೆಲ್ಲ ಇವತ್ತಿಗೂ ಇಂಪೋರ್ಟ್ ತಿದ್ದುತಾ ಕೂತಿದೀವಿ ಅನ್ನೋದು ನನಗೆ ಈಗ್ಲೂ ಉರಿಯೋ ವಿಷಯ, ಇರ್ಲಿ ಬಿಡಿ.

ಟಾಮ್‌ಕ್ಯಾಟ್ 10.1 ಹಾಕಿ, ಅದೇ ವಾರ್ ಹಾಕಿ ನೋಡಿ. ಮೇನ್ ಕ್ಲಾಸ್ ಸ್ಪ್ರಿಂಗ್ ಬೂಟ್ ಸರ್ವ್ಲೆಟ್ ಇನಿಶಿಯಲೈಜರ್ ಎಕ್ಸ್‌ಟೆಂಡ್ ಮಾಡಿದೆ ತಾನೆ? 2.7ರಲ್ಲಿ ವಾರ್ ನಡೀತಿತ್ತು ಅಂದ್ರೆ ಇರ್ಬೇಕು, ಆದ್ರೂ ಒಮ್ಮೆ ನೋಡ್ಬಿಡಿ.

ನಲ್‌ಪಾಯಿಂಟರ್:
ಬ್ಯಾನರ್ ಇಲ್ಲ ಸರ್, ನೀವು ಹೇಳಿದ್ಮೇಲೇ ಗಮನಿಸಿದ್ದು. 10.1 ಹಾಕಿಸಿದೆ, ಆದ್ರೆ ಈಗ ಡಿಪ್ಲಾಯ್ ಆಗುವಾಗಲೇ ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್, ಕ್ಲಾಸ್ ಫೈಲ್ ವರ್ಷನ್ 61.0, ಈ ರನ್‌ಟೈಮ್‌ಗೆ 55.0ರವರೆಗೆ ಮಾತ್ರ ಅರ್ಥವಾಗೋದು ಅಂತ. ಟರ್ಮಿನಲ್‌ನಲ್ಲಿ ಜಾವಾ ವರ್ಷನ್ ಕೇಳಿದ್ರೆ 17 ಅಂತಾನೇ ತೋರಿಸ್ತಿದೆ, ಇದೇನು ಮಾಯೆ?

ಲಾಗ್‌ಓದುಗ:
ಮಾಯೆ ಏನಿಲ್ಲ. 61 ಅಂದ್ರೆ ಜಾವಾ 17, 55 ಅಂದ್ರೆ ಜಾವಾ 11. ಟರ್ಮಿನಲ್‌ನ ಜಾವಾ ಬೇರೆ, ಟಾಮ್‌ಕ್ಯಾಟ್ ಎತ್ಕೊಳ್ಳೋ ಜಾವಾ ಬೇರೆ. ಟಾಮ್‌ಕ್ಯಾಟ್ ಸರ್ವಿಸ್ ಆಗಿ ಓಡ್ತಿದ್ರೆ ಅದಕ್ಕೆ ನಿಮ್ಮ ಯೂಸರ್‌ನ ಪಾತ್ ಗೊತ್ತೇ ಇರಲ್ಲ, ಸರ್ವಿಸ್ ಫೈಲ್‌ನಲ್ಲೋ ಬಿನ್ ಫೋಲ್ಡರ್‌ನ ಸೆಟ್‌ಎನ್ವ್ ಫೈಲ್‌ನಲ್ಲೋ ಜಾವಾ ಹೋಮ್ ಏನಿದೆಯೋ ಅದೇ ನಡೆಯೋದು. ಜೆಆರ್‌ಇ ಹೋಮ್ ಅಂತ ಇನ್ನೊಂದು ವೇರಿಯೆಬಲ್ ಬೇರೆ ಇದೆ, ಯಾರೋ ಯಾವಾಗ್ಲೋ ಅದನ್ನ ಸೆಟ್ ಮಾಡಿ ಹೋಗಿದ್ರೆ ಓಡಿಸುವಾಗ ಅದಕ್ಕೇ ಮೊದಲ ಮರ್ಯಾದೆ. ಊಹೆ ಮಾಡ್ತಾ ಕೂರಬೇಡಿ, ಟಾಮ್‌ಕ್ಯಾಟ್ ಸ್ಟಾರ್ಟ್ ಆದ ತಕ್ಷಣ ಕ್ಯಾಟಲಿನಾ ಲಾಗ್‌ನ ಮೊದಲ ಸಾಲುಗಳಲ್ಲಿ ಸರ್ವರ್ ವರ್ಷನ್, ಜಾವಾ ಹೋಮ್, ಜೆವಿಎಂ ವರ್ಷನ್ ಅಂತ ಅದೇ ಬರೆದುಕೊಂಡಿರುತ್ತೆ, ಅಲ್ಲಿ ನೋಡಿ. ಟಾಮ್‌ಕ್ಯಾಟ್ 10.1ಕ್ಕೆ ಜಾವಾ 11 ಸಾಕು, ಆದ್ದರಿಂದ ಅದು ಆರಾಮಾಗಿ ಎದ್ದು ಕೂತಿದೆ, ಬೂಟ್ 3ಕ್ಕೆ 17 ಬೇಕೇ ಬೇಕು.

ಬೀನ್‌ಬ್ಯಾಗ್:
ಇಷ್ಟೆಲ್ಲ ಗೋಳು ಯಾಕೆ, ವಾರ್ ಬಿಟ್ಟು ಜಾರ್ ಮಾಡಿ ಓಡಿಸಿ. ಎಂಬೆಡೆಡ್ ಟಾಮ್‌ಕ್ಯಾಟ್ ಜೊತೆಗೇ ಬರುತ್ತೆ, ಐಡಿಇಯಲ್ಲಿ ನೋಡಿದ್ದೇ ಸರ್ವರ್‌ನಲ್ಲೂ ಓಡುತ್ತೆ.

ಹಳೇಸರ್ವ್ಲೆಟ್:
ಹೊಸ ಪ್ರಾಜೆಕ್ಟ್ ಆದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಒಂದೇ ಟಾಮ್‌ಕ್ಯಾಟ್‌ನಲ್ಲಿ ಬೇರೆ ವಾರ್‌ಗಳೂ ಇದ್ರೆ, ಡೇಟಾಬೇಸ್ ಕನೆಕ್ಷನ್ ಸರ್ವರ್‌ನ ಸೆಟ್ಟಿಂಗ್‌ನಿಂದ (ಜೆಎನ್‌ಡಿಐ) ಬರ್ತಿದ್ರೆ, ಸರ್ವರ್ ನೋಡ್ಕೊಳ್ಳೋರು ಬೇರೆ ಟೀಮ್ ಆಗಿದ್ರೆ ಅದು ಕೋಡ್ ಬರೆಯೋರು ಒಬ್ರೇ ಕೂತು ತೀರ್ಮಾನ ಮಾಡೋ ಮಾತಲ್ಲ ಮಾರಾಯ್ರೆ. ಮತ್ತೆ ಜಾರ್ ಮಾಡಿದ್ರೂ ಹಳೆ ಲೈಬ್ರರಿ ಒಳಗೆ ಕೂತಿರೋ ಜಾವಾಎಕ್ಸ್ ಎಲ್ಲಿಗೂ ಹೋಗಲ್ಲ.

ಅಂದಹಾಗೆ ಅದೇ ಟಾಮ್‌ಕ್ಯಾಟ್‌ನಲ್ಲಿ ಇನ್ನೂ ಹಳೆ ವಾರ್‌ಗಳು ಇದ್ರೆ, 10ರಲ್ಲಿ ವೆಬ್‌ಆಪ್ಸ್-ಜಾವಾಇಇ ಅಂತ ಇನ್ನೊಂದು ಫೋಲ್ಡರ್ ಮಾಡಿ ಅದರಲ್ಲಿ ಹಾಕಿ, ಡಿಪ್ಲಾಯ್ ಆಗುವಾಗ ಅದೇ ಜಕಾರ್ತಾಗೆ ಪರಿವರ್ತನೆ ಮಾಡ್ಕೊಂಡು ವೆಬ್‌ಆಪ್ಸ್‌ಗೆ ಇಳಿಸುತ್ತೆ. ಸುಮಾರು ಜನಕ್ಕೆ ಇದು ಗೊತ್ತಿಲ್ಲ.

ನಲ್‌ಪಾಯಿಂಟರ್:
ಲಾಗ್‌ಓದುಗ ಅವ್ರೇ, ಸರ್ವಿಸ್ ಫೈಲ್‌ನಲ್ಲಿ ಜಾವಾ 11ರ ಪಾತೇ ಇತ್ತು, ಬದಲಾಯಿಸಿದ್ಮೇಲೆ ಬ್ಯಾನರ್ ಬಂತು, ಅಪ್ಲಿಕೇಶನ್ ಎದ್ದಿದೆ. ಸೀನಿಯರ್ ಒಬ್ರು ಯೂಸ್ ಮಾಡಿ ನೋಡಿದ್ಮೇಲೆ ಈಗ ಎರಡು ಹೊಸ ತಲೆನೋವು. ಒಂದು, ಕೆಲವು ಎಪಿಐಗಳಲ್ಲಿ ಆರ್ಗ್ಯುಮೆಂಟ್‌ನ ಹೆಸರು ಸಿಗ್ತಿಲ್ಲ, ಕಂಪೈಲರ್‌ಗೆ ಪ್ಯಾರಾಮೀಟರ್ಸ್ ಫ್ಲ್ಯಾಗ್ ಕೊಡಿ ಅಂತ ಎರರ್, ಇದು ಐಡಿಇಯಲ್ಲಿ ಬರಲ್ಲ, ಮೇವನ್ ಅನ್ನೋ ಬಿಲ್ಡ್ ಟೂಲ್‌ನಲ್ಲಿ ಬಿಲ್ಡ್ ಮಾಡಿದ್ರೆ ಮಾತ್ರ. ಎರಡು, ವ್ಯಾಲಿಡೇಶನ್ ಸತ್ತೇ ಹೋಗಿದೆ, ಹೆಸರು ಖಾಲಿ ಬಿಟ್ಟು ಕಳಿಸಿದ್ರೂ 400 ಬರ್ತಿಲ್ಲ, ಸೀದಾ ಡೇಟಾಬೇಸ್‌ಗೆ ಸೇವ್ ಆಗ್ತಿದೆ. ಡಿಟಿಒದಲ್ಲಿ (ರಿಕ್ವೆಸ್ಟ್ ಡೇಟಾ ಹಿಡಿಯೋ ಕ್ಲಾಸ್) ನಾಟ್‌ಬ್ಲ್ಯಾಂಕ್ ಹಾಕಿರೋದು ಕಣ್ಣಿಗೆ ಕಾಣಿಸ್ತಿದೆ, ಕಂಟ್ರೋಲರ್‌ನಲ್ಲಿ ವ್ಯಾಲಿಡ್ ಕೂಡ ಇದೆ.

ಲಾಗ್‌ಓದುಗ:
ಮೊದಲನೇದು ಸುಲಭ. ನೀವು ಬೂಟ್‌ನ ಸ್ಟಾರ್ಟರ್ ಪೇರೆಂಟ್ ಬಿಟ್ಟು ನಿಮ್ಮದೇ ಪೇರೆಂಟ್ ಪಾಮ್ (ಮೇವನ್‌ನ ಸೆಟ್ಟಿಂಗ್ ಫೈಲ್) ಇಟ್ಕೊಂಡಿದೀರಾ ಅನ್ಸುತ್ತೆ. ಬೂಟ್ 3.2ರಿಂದ ಸ್ಪ್ರಿಂಗ್ ಬೈಟ್‌ಕೋಡ್ ಓದಿ ಆರ್ಗ್ಯುಮೆಂಟ್ ಹೆಸರು ಕಂಡುಹಿಡಿಯೋದನ್ನ ನಿಲ್ಲಿಸಿದೆ. ರಿಕ್ವೆಸ್ಟ್‌ಪ್ಯಾರಮ್‌ನಲ್ಲಿ ಹೆಸರು ಬರೆದೇ ಇದ್ರೆ ಕಂಪೈಲರ್ ಆ ಹೆಸರನ್ನ ಕ್ಲಾಸ್ ಫೈಲ್‌ನಲ್ಲಿ ಉಳಿಸಿರ್ಬೇಕು, ಸ್ಟಾರ್ಟರ್ ಪೇರೆಂಟ್ ಇದ್ರೆ ಆ ಸೆಟ್ಟಿಂಗ್ ತಾನಾಗೇ ಬರುತ್ತೆ, ನಿಮ್ಮದಕ್ಕೆ ನೀವೇ ಕಂಪೈಲರ್ ಪ್ಲಗಿನ್‌ನಲ್ಲಿ ಪ್ಯಾರಾಮೀಟರ್ಸ್ ಟ್ರೂ ಅಂತ ಹಾಕ್ಬೇಕು. ನಿಮ್ಮ ಐಡಿಇಯಲ್ಲಿ ಅದೇ ಆಪ್ಷನ್ ಆನ್ ಇರ್ಬೇಕು, ಹಾಗಾಗಿ ಅಲ್ಲಿ ಗೊತ್ತಾಗಲ್ಲ. ಹಾಕಿದ್ಮೇಲೆ ಕ್ಲೀನ್ ಬಿಲ್ಡ್ ಮಾಡಿ, ಇಲ್ಲಾಂದ್ರೆ ಹಳೆ ಕ್ಲಾಸ್ ಫೈಲ್ ಹಾಗೇ ಉಳಿದು ಆಟ ಆಡಿಸುತ್ತೆ.

ಎರಡನೇದಕ್ಕೆ, ಆ ಡಿಟಿಒ ನಿಮ್ಮ ಪ್ರಾಜೆಕ್ಟ್‌ನಲ್ಲೇ ಇದೆಯಾ ಅಥವಾ ಬೇರೆ ಯಾವುದಾದ್ರೂ ಕಾಮನ್ ಜಾರ್‌ನಲ್ಲಿದೆಯಾ?

ನಲ್‌ಪಾಯಿಂಟರ್:
ಕಾಮನ್ ಜಾರ್. ಎಲ್ಲಾ ಟೀಮ್‌ಗಳೂ ಅದನ್ನೇ ಯೂಸ್ ಮಾಡೋದು.

ಹಳೇಸರ್ವ್ಲೆಟ್:
ಅಲ್ಲೇ ಇದೆ ಹಾಗಾದ್ರೆ. ಮೇವನ್ ಡಿಪೆಂಡೆನ್ಸಿ ಟ್ರೀ ತೆಗೆದು ವ್ಯಾಲಿಡೇಶನ್-ಎಪಿಐ 2.0.1 ಅನ್ನೋದು ಎಲ್ಲಾದ್ರೂ ನೇತಾಡ್ತಿದೆಯಾ ನೋಡಿ. ಅದು ಹಳೆ ಜಾವಾಎಕ್ಸ್ ಜಾರ್. ಅದು ಕ್ಲಾಸ್‌ಪಾತ್‌ನಲ್ಲಿ ಇರೋದ್ರಿಂದ ಕಂಪೈಲ್ ಆಗುತ್ತೆ, ಐಡಿಇ ಕೆಂಪು ಗೆರೆ ಹಾಕಲ್ಲ, ಆದ್ರೆ ಬೂಟ್ 3ರ ಹೈಬರ್ನೇಟ್ ವ್ಯಾಲಿಡೇಟರ್ 8 ಜಕಾರ್ತಾದ ನಾಟ್‌ಬ್ಲ್ಯಾಂಕ್ ಮಾತ್ರ ನೋಡೋದು, ಜಾವಾಎಕ್ಸ್‌ನದ್ದು ಅದಕ್ಕೆ ಯಾರೋ ಅಂಟಿಸಿದ ಚೀಟಿ ಇದ್ದ ಹಾಗೆ, ಓದೋದೇ ಇಲ್ಲ. ಎಂಟಿಟಿಗಳಲ್ಲಿ (ಡೇಟಾಬೇಸ್ ಟೇಬಲ್‌ಗೆ ಹೊಂದೋ ಕ್ಲಾಸ್‌ಗಳು) ಇದೇ ಆಗಿದ್ರೆ ನಾಟ್ ಎ ಮ್ಯಾನೇಜ್ಡ್ ಟೈಪ್ ಅಂತ ಕಿರುಚ್ಕೊಂಡು ಸ್ಟಾರ್ಟಪ್‌ನಲ್ಲೇ ನಿಂತು ಹೋಗ್ತಿತ್ತು, ಅದಾದ್ರೂ ಪರವಾಗಿಲ್ಲ. ವ್ಯಾಲಿಡೇಶನ್ ಮೌನವಾಗಿ ಹೋಗೋದು, ಅದೇ ಭಯ.

ಕಾಮನ್ ಜಾರ್‌ನ ಹೊಸ ಮೇಜರ್ ವರ್ಷನ್ ಒಂದು ಮಾಡಿಸಿ, ಬೂಟ್ 2ರಲ್ಲಿ ಇರೋ ಟೀಮ್‌ಗಳು ಹಳೇದ್ರಲ್ಲೇ ಇರಲಿ. ಸೋರ್ಸ್ ಇಲ್ಲದ ಜಾರ್ ಆದ್ರೆ ಟಾಮ್‌ಕ್ಯಾಟ್‌ನವರದ್ದೇ ಒಂದು ಮೈಗ್ರೇಶನ್ ಟೂಲ್ ಇದೆ, ಜಾರ್ ಕೊಟ್ರೆ ಜಕಾರ್ತಾಗೆ ಬದಲಾಯಿಸಿ ಕೊಡುತ್ತೆ. ಸೋರ್ಸ್ ಇದ್ರೆ ಕಣ್ಮುಚ್ಚಿ ಫೈಂಡ್ ರಿಪ್ಲೇಸ್ ಹೊಡೀಬೇಡಿ. ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್, ಜಾವಾಎಕ್ಸ್ ಡಾಟ್ ನೇಮಿಂಗ್, ಜಾವಾಎಕ್ಸ್ ಡಾಟ್ ಕ್ರಿಪ್ಟೋ ಇವೆಲ್ಲ ಜೆಡಿಕೆದೇ ಪ್ಯಾಕೇಜ್‌ಗಳು, ಅವು ಹಾಗೇ ಇರ್ಬೇಕು. ಟ್ರಾನ್ಸಾಕ್ಷನ್ ಜಕಾರ್ತಾಗೆ ಹೋಗಿದೆ, ಆದ್ರೆ ಅದರ ಕೆಳಗಿನ ಎಕ್ಸ್‌ಎ ಪ್ಯಾಕೇಜ್ ಹೋಗಿಲ್ಲ, ಅಷ್ಟು ಸೂಕ್ಷ್ಮ.

ಆಮೇಲೆ ಖಾಲಿ ಹೆಸರು ಕಳಿಸಿ 400 ಬರ್ಬೇಕು ಅನ್ನೋ ಒಂದು ಟೆಸ್ಟ್ ಬರೆದಿಡಿ.

ನಲ್‌ಪಾಯಿಂಟರ್:
ಟ್ರೀಯಲ್ಲಿ ಸಿಕ್ತು ಸರ್, 2.0.1 ಕಾಮನ್ ಜಾರ್ ಕೆಳಗೇ ಇದೆ. ಆ ಟೀಮ್‌ಗೆ ಮೇಲ್ ಹಾಕಿದೀನಿ, ಅವ್ರು ಯಾವಾಗ ಮಾಡ್ತಾರೋ ದೇವರಿಗೇ ಗೊತ್ತು, ಅಲ್ಲಿವರೆಗೆ ಮುಖ್ಯವಾದ ಡಿಟಿಒಗಳನ್ನ ನಮ್ಮ ಪ್ರಾಜೆಕ್ಟ್‌ಗೇ ಕಾಪಿ ಮಾಡಿ ಜಕಾರ್ತಾ ಇಂಪೋರ್ಟ್ ಹಾಕ್ತಿದೀನಿ. ಪ್ಯಾರಾಮೀಟರ್ಸ್ ಫ್ಲ್ಯಾಗ್ ಹಾಕಿದ್ಮೇಲೆ ಮೊದಲನೇದು ಸರಿಹೋಯ್ತು. ಬೀನ್‌ಬ್ಯಾಗ್ ಹೇಳಿದ ಸ್ಲ್ಯಾಶ್ ವಿಷಯನೂ ನಿಜ, ಫ್ರಂಟ್‌ಎಂಡ್‌ನಲ್ಲಿ ಎರಡು ಕಡೆ ಸಿಕ್ತು, ಅವ್ರಿಗೆ ಹೇಳಿದೀನಿ.

ಬೀನ್‌ಬ್ಯಾಗ್:
ಜಗಳಕ್ಕೆ ರೆಡಿ ಇರಿ 😄