ಮತ್ತಿ ತೊಲೆಯ ಬೆಂಚು ಒಂದೇ ಮಳೆಗಾಲಕ್ಕೆ ಸೀಳಿ ಅಲ್ಲಾಡುತ್ತಿದೆ, ಎಲ್ಲಿ ತಪ್ಪಿದೆ?

ತೋಟದಮನೆ:
ನಮಸ್ಕಾರ. ಸಾಗರದ ಹತ್ತಿರದ ನಮ್ಮ ಹಳೇ ಮನೆ ಬಿಚ್ಚಿದಾಗ ಅಟ್ಟದ ತೊಲೆಗಳು ಸಿಕ್ಕವು. ಮತ್ತಿ ಮರ. ಅಜ್ಜನ ಕಾಲದ್ದು, ಒಲೆಯ ಹೊಗೆ ಕುಡಿದು ಕಬ್ಬಿಣದ ಹಾಗಾಗಿದ್ದವು. ಮಾರಲು ಮನಸ್ಸಾಗಲಿಲ್ಲ. ಕಳೆದ ಏಪ್ರಿಲ್‌ನಲ್ಲಿ ಅಂಗಳದ ತುದಿಗೆ ಒಂದು ಬೆಂಚು ಮಾಡಿದೆ.

ಕೂರುವುದಕ್ಕೆ 6 ಅಡಿ ಉದ್ದದ ಮೂರು ತೊಲೆ. ಒಂದೊಂದೂ 6 ಇಂಚು ಅಗಲ, 3 ಇಂಚು ದಪ್ಪ. ಒಂದಕ್ಕೊಂದು ಒತ್ತಿ ಜೋಡಿಸಿ, ಕೆಳಗೆ ಎರಡು ಕಬ್ಬಿಣದ ಪಟ್ಟಿ ಅಡ್ಡ ಕೊಟ್ಟೆ. ಪ್ರತಿ ಪಟ್ಟಿಯಲ್ಲಿ ತೊಲೆಗೆ ಎರಡೆರಡು ಬೋಲ್ಟ್. ಪಟ್ಟಿಯ ತುದಿ ಬಗ್ಗಿಸಿ 5 ಇಂಚು ಚೌಕದ ಕಾಲುಗಳಿಗೆ ಬಿಗಿದಿದ್ದೇನೆ. ಒಟ್ಟು ತೂಕ 70 ಕಿಲೋಗೆ ಕಡಿಮೆ ಇಲ್ಲ.

ಈಗ ಡಿಸೆಂಬರ್. ನಡುವಿನ ತೊಲೆ ತುದಿಯಿಂದ 14 ಇಂಚು ಸೀಳಿದೆ. ಕೂತರೆ ಬೆಂಚು ಉದ್ದಕ್ಕೆ ಓಲಾಡುತ್ತದೆ. ನಟ್ ಎರಡು ಸಲ ಬಿಗಿ ಮಾಡಿದೆ, ಮತ್ತೆ ಸಡಿಲ. ಬೋಲ್ಟಿನ ಸುತ್ತ ಶಾಯಿ ಚೆಲ್ಲಿದ ಹಾಗೆ ಕಪ್ಪು. ಇಲ್ಲಿಯ ಬಡಗಿಯೊಬ್ಬರು "ಹಳೇ ಮರ ಅಲ್ವಾ, ಸತ್ತು ಹೋಗಿದೆ" ಎಂದರು. ನನಗೆ ನಂಬಿಕೆ ಬರುತ್ತಿಲ್ಲ.

ಉಳಿಬಾಚಿ:
ಮರ ಸತ್ತಿಲ್ಲ ಸರ್. ಬದುಕಿದೆ ಅಂತಲೇ ಈ ಗಲಾಟೆ. ಬಿಚ್ಚುವ ಮೊದಲು ನಾಲ್ಕು ವಿಷಯ ನೋಡಿ ಹೇಳಿ. ಸೀಳು ಎರಡು ಬೋಲ್ಟಿನ ನಡುವೆ ಹೋಗಿದೆಯಾ? ತೊಲೆಗಳ ಮಧ್ಯೆ ಈಗ ಸಂದು ಇದೆಯಾ? ಬೆಂಚಿನ ಒಂದು ತುದಿಯಲ್ಲಿ ನಿಂತು ಉದ್ದಕ್ಕೆ ತಳ್ಳಿದರೆ ಕಾಲುಗಳೆಲ್ಲ ಒಟ್ಟಿಗೆ ಒಂದೇ ಕಡೆ ವಾಲುತ್ತವಾ? ಕಾಲಿನ ಬುಡಕ್ಕೆ ಚೂರಿ ಮೊನೆ ಚುಚ್ಚಿದರೆ ಎಷ್ಟು ಒಳಗೆ ಹೋಗುತ್ತದೆ?

ತೋಟದಮನೆ:
ಸೀಳು ಸರಿಯಾಗಿ ಎರಡು ಬೋಲ್ಟಿನ ನಡುವೆಯೇ ಇದೆ. ಸಂದಿನಲ್ಲಿ ಈಗ ಒಂದು ರೂಪಾಯಿ ನಾಣ್ಯ ತೂರುತ್ತದೆ. ಮಾಡಿದ ದಿನ ಕೂದಲೂ ತೂರುತ್ತಿರಲಿಲ್ಲ, ಅದೇ ನನ್ನ ಹೆಮ್ಮೆಯಾಗಿತ್ತು! ತಳ್ಳಿದರೆ ನಾಲ್ಕೂ ಕಾಲು ಒಂದೇ ಕಡೆ ವಾಲುತ್ತವೆ. ಕಾಲು ಮಣ್ಣಲ್ಲೇ ನಿಂತಿದೆ, ಎರಡು ಕಾಲಿನ ಬುಡದಲ್ಲಿ ಚೂರಿ ಅರ್ಧ ಇಂಚು ಸಲೀಸಾಗಿ ಇಳಿಯಿತು.

ಉಳಿಬಾಚಿ:
ಆ ನಾಣ್ಯವೇ ಉತ್ತರ ಹೇಳುತ್ತಿದೆ. ನಿಮ್ಮ ತೊಲೆ ಅಟ್ಟದಲ್ಲಿ ಬೆಚ್ಚಗೆ ಒಣಗಿ ಕೂತಿದ್ದವು. ಅದನ್ನು ತಂದು ಸೀದಾ ಮಲೆನಾಡಿನ ಮಳೆಗೆ ಒಡ್ಡಿದಿರಿ. ಮರ ನೀರು ಕುಡಿದರೆ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಉಬ್ಬುತ್ತದೆ. 6 ಇಂಚಿನ ತೊಲೆ ಮೂರು ನಾಲ್ಕು ಮಿಲಿಮೀಟರ್ ಅಗಲವಾಗಬಹುದು. ಪಕ್ಕದಲ್ಲಿ ಜಾಗ ಇಲ್ಲ. ಹಾಗಾಗಿ ಒಂದನ್ನೊಂದು ಒತ್ತಿಕೊಂಡು ಅಂಚುಗಳು ನಜ್ಜಾದವು. ವಾಷರ್ ಕೆಳಗಿನ ಮರವೂ ನಜ್ಜಾಯಿತು. ಮಳೆ ಬಿಟ್ಟ ಮೇಲೆ ಮರ ಕುಗ್ಗಿತು, ನಜ್ಜಾದದ್ದು ವಾಪಸ್ ಬರಲಿಲ್ಲ. ಅದಕ್ಕೇ ಸಂದು, ಅದಕ್ಕೇ ನಟ್ ಸಡಿಲ.

ಇನ್ನು ಸೀಳು. ತೊಲೆ ಕುಗ್ಗಬೇಕು, ಆದರೆ ಎರಡು ಬೋಲ್ಟನ್ನು ಕಬ್ಬಿಣದ ಪಟ್ಟಿ ಗಟ್ಟಿಯಾಗಿ ಹಿಡಿದಿದೆ. ಕಬ್ಬಿಣ ಬಿಡಲಿಲ್ಲ, ಮರ ಬಿಟ್ಟಿತು. ಮತ್ತಿ ಮೊದಲೇ ಸೀಳುವ ಸ್ವಭಾವದ್ದು.

ಓಲಾಟ ಬೇರೆಯೇ ಕಥೆ, ಎರಡನ್ನೂ ಕಲಸಬೇಡಿ. ನಟ್ ಎಷ್ಟು ತಿರುವಿದರೂ ಅದು ಹೋಗುವುದಿಲ್ಲ. ಕಾಲಿಂದ ಕಾಲಿಗೆ ಉದ್ದಕ್ಕೆ ಏನೂ ಇಲ್ಲವಲ್ಲ? ಮುಂದೆ ಒಂದು, ಹಿಂದೆ ಒಂದು ಮರದ ಪಟ್ಟೆ ಕೊಡಿ. ನೆಲದಿಂದ 6 ಇಂಚು ಮೇಲೆ, ಕಾಲಿನಲ್ಲಿ 1 ಇಂಚು ಆಳದ ಕಚ್ಚು ಹೊಡೆದು ಕೂರಿಸಿ. ಕಚ್ಚು ಬಿಗಿಯಾಗಿರಲಿ, ಕೊಡತಿಯಿಂದ ತಟ್ಟಿದರೆ ಮಾತ್ರ ಒಳಗೆ ಹೋಗಬೇಕು. ಗಟ್ಟಿತನ ಬರುವುದು ಅಲ್ಲಿಂದ. ಬೋಲ್ಟು ಸುಮ್ನೆ ಕಾವಲಿಗೆ.

ಪಟ್ಟಿ ಹೊಸದು ಮಾಡಿಸಿ. ತೊಲೆಗೆ ಒಂದು ತೂತು ದುಂಡಗೆ, ಇನ್ನೊಂದು ಪಟ್ಟಿಯ ಉದ್ದಕ್ಕೆ ಉದ್ದುದ್ದ. 10 ಮಿ.ಮೀ. ಬೋಲ್ಟಿಗೆ 16 ಮಿ.ಮೀ. ಉದ್ದದ ತೂತು ಸಾಕು. ಆ ಬೋಲ್ಟನ್ನು ಜೀವ ತೆಗೆಯುವಷ್ಟು ಬಿಗಿಯಬೇಡಿ, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ತಾನಾಗಿ ಸಡಿಲವಾಗದ ನಟ್) ಹಾಕಿ. ತೊಲೆಗಳ ನಡುವೆ ಪೆನ್ಸಿಲ್ ದಪ್ಪದ ಸಂದು ಬಿಡಿ, ನೀರೂ ಇಳಿಯುತ್ತದೆ.

ಗರಗಸ ಹಾಕುವ ಮೊದಲು ಹಳೇ ಮೊಳೆ ಹುಡುಕಿ. ನಾನು ಒಂದು ಬ್ಲೇಡ್ ಕಳೆದುಕೊಂಡೇ ಕಲಿತದ್ದು.

ಕಡಲತಡಿ:
ಕುಂದಾಪುರ ಕಡೆಯವನು. ಸೀಳಿಗೆ ಮರದ ಹೊಟ್ಟು, ಅಂಟು ಕಲಸಿ ತುಂಬಿದರೆ ಆಯ್ತಲ್ಲ ಮಾರಾಯ್ರೇ? ಬುಡಕ್ಕೆ ಗೇರೆಣ್ಣೆ ಬಳಿಯಿರಿ, ಒರಲೆ ಹತ್ತಿರ ಸುಳಿಯುವುದಿಲ್ಲ. ಕಾಲಿನ ಕೆಳಗೆ ಒಂದೊಂದು ಜಂಬಿಟ್ಟಿಗೆ ಕಲ್ಲು ಇಟ್ಟರಾಯಿತು.

ಉಳಿಬಾಚಿ:
ಗೇರೆಣ್ಣೆ ಒಪ್ಪಿದೆ, ಆದರೆ ಬುಡಕ್ಕೆ ಮಾತ್ರ. ಕೈಗವಸು ಬೇಕೇ ಬೇಕು, ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಕೂರುವ ಜಾಗಕ್ಕೆ ಬಳಿದರೆ ನೆಂಟರು ಮತ್ತೆ ಬರುವುದಿಲ್ಲ!

ಅಂಟು ತುಂಬುವುದು ಬೇಡ. ಬೇಸಿಗೆಯಲ್ಲಿ ತುಂಬಿದ್ದು ಮಳೆಗಾಲಕ್ಕೆ ಬೆಣೆಯಾಗುತ್ತದೆ. ಮರ ಉಬ್ಬಿ ಸೀಳು ಮುಚ್ಚಲು ಹೋದಾಗ ಅದೇ ತಡೆದು ಇನ್ನೂ ಮುಂದೆ ಸೀಳಿಸುತ್ತದೆ. ಜಂಬಿಟ್ಟಿಗೆಯೂ ಬೇಡ, ಅದು ನೀರು ಹೀರಿ ಮರಕ್ಕೆ ಕುಡಿಸುತ್ತದೆ. ಮರದ ತುದಿ ನೀರೆಳೆಯುವುದು ಬತ್ತಿ ಎಣ್ಣೆ ಎಳೆದ ಹಾಗೆ. ಮೆತ್ತಗಾದ 2 ಇಂಚು ಕತ್ತರಿಸಿ ಬಿಸಾಡಿ, 2 ಇಂಚಿನ ಗ್ರಾನೈಟ್ ಚಪ್ಪಡಿ ಇಡಿ. ಎತ್ತರವೂ ಸರಿಹೋಯಿತು.

ಕಪ್ಪು ಕಲೆಗೆ ಹೆದರಬೇಡಿ, ಕೊಳೆತದ್ದಲ್ಲ. ಮತ್ತಿಯಲ್ಲಿ ಒಗರು ಜಾಸ್ತಿ. ಬಾಳೆಕಾಯಿ ಹೆಚ್ಚಿದರೆ ಕಬ್ಬಿಣದ ಕತ್ತಿ ಕಪ್ಪಾಗುವುದಿಲ್ಲವೇ, ಅದೇ ಇದು. ಮರಕ್ಕೆ ತಾಗುವ ಬೋಲ್ಟು, ವಾಷರ್, ಪಟ್ಟಿ ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಮಾಡಿ. ನಿಮ್ಮ ಊರಿಗೆ 304 ದರ್ಜೆಯ ಸ್ಟೀಲ್ ಸಾಕು. ಕಡಲತಡಿಯವರಿಗೆ ಉಪ್ಪುಗಾಳಿ, ಅಲ್ಲಿಗೆ 316 ಒಳ್ಳೆಯದು.

ತೋಟದಮನೆ (ಮಾರ್ಚ್):
ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಸೀಳಿದ ತೊಲೆ ಬದಲಿಸಿಲ್ಲ, ತಿರುಗಿಸಿ ಇಟ್ಟು ಬೋಲ್ಟಿನ ಜಾಗ ಸೀಳಿನಿಂದ ಆಚೆ ಸರಿಸಿದೆ. ಕಚ್ಚು ಹೊಡೆಯಲು ಎರಡು ದಿನ ಹಿಡಿಯಿತು. ನಾಲ್ಕರಲ್ಲಿ ಒಂದು ಸಡಿಲವಾಯಿತು, ತೆಳ್ಳಗಿನ ಬೆಣೆ ಹೊಡೆದು ಬಿಗಿ ಮಾಡಿದೆ. ಈಗ ತುದಿಯಲ್ಲಿ ನಿಂತು ತಳ್ಳಿದರೆ ಬೆಂಚು ಚಪ್ಪಡಿಯ ಮೇಲೆ ಜಾರುತ್ತದೆಯೇ ಹೊರತು ವಾಲುವುದಿಲ್ಲ.

ಉಳಿಬಾಚಿ:
ಬೆಣೆ ಸರಿ. ಮಳೆ ಹಿಡಿದ ಮೇಲೆ ಒಂದು ಮಾತು ತಿಳಿಸಿ.

ತೋಟದಮನೆ (ಆಗಸ್ಟ್):
ಬಿಡದೆ ಸುರಿಯುತ್ತಿದೆ. ಬೆಂಚು ಗಟ್ಟಿಯಾಗಿದೆ. ಸೀಳು ತಾನಾಗಿಯೇ ಅರ್ಧ ಮುಚ್ಚಿಕೊಂಡಿದೆ. ಮಾರ್ಚ್‌ನಲ್ಲಿ ಅಳತೆಗೆ ಇಟ್ಟಿದ್ದ ಪೆನ್ಸಿಲನ್ನು ನಿನ್ನೆ ಸಂದಿನಲ್ಲಿ ಹಾಕಿ ನೋಡಿದೆ. ಆಗ ಸಲೀಸಾಗಿ ಕೆಳಗೆ ಬೀಳುತ್ತಿತ್ತು. ಈಗ ಮೇಲೆಯೇ ನಿಂತಿತು.